ಮ್ಯಾನುಫ್ಯಾಕ್ಚರ್: ಪದದ ಅರ್ಥಪಲ್ಲಟ ಮತ್ತು ಕೈಯ ಅರಿವು

ಪದದ ಅರ್ಥ ಹಿಗ್ಗುವುದೂ ಕುಗ್ಗುವುದೂ ಭಾಷೆಯ ಚರಿತ್ರೆಯಲ್ಲಿ ಸಾಮಾನ್ಯ. ಪದವೊಂದು ತನ್ನ ಮೂಲಾರ್ಥಕ್ಕೆ ವಿರುದ್ಧವಾದ ಅರ್ಥವನ್ನೇ ತಳೆಯುವುದು ವಿರಳ. ಇಂಗ್ಲಿಷಿನ 'ಮ್ಯಾನುಫ್ಯಾಕ್ಚರ್' ಅಂಥದೊಂದು ಪದ. 'ಕೈ' ಎಂಬರ್ಥದ 'ಮಾನುಸ್', 'ಮಾಡು' ಎಂಬರ್ಥದ 'ಫಾಕೆರೆ' ಎಂಬ ಲ್ಯಾಟಿನ್ ಮೂಲಗಳಿಂದ ರೂಪುಗೊಂಡ ಈ ಪದ ಫ್ರೆಂಚಿನ ಮೂಲಕ 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಕೈಯಿಂದ ಮಾಡುವುದನ್ನು ಹೇಳುತ್ತಿದ್ದ ಅದು ಇಂದು ಯಂತ್ರಗಳ ಮೂಲಕ ನಡೆಯುವ ಬೃಹತ್ ತಯಾರಿಕೆಯನ್ನು ಸೂಚಿಸುತ್ತದೆ.

ಈ ಪಲ್ಲಟ ಒಮ್ಮೆಲೇ ಆದುದಲ್ಲ. 1776ರಲ್ಲಿ ಆಡಮ್ ಸ್ಮಿತ್ ವಿವರಿಸಿದ ಗುಂಡುಸೂಜಿ ತಯಾರಿಕೆಯಲ್ಲಿ ಕೆಲಸ ಸುಮಾರು 18 ಹಂತಗಳಾಗಿ ಒಡೆದಿತ್ತು. 10 ಮಂದಿ ದಿನಕ್ಕೆ 48,000 ಸೂಜಿಗಳನ್ನು ಮಾಡುತ್ತಿದ್ದರು. ಅಲ್ಲಿ ಕೈ ಇನ್ನೂ ಇತ್ತು. ಆದರೆ ಪೂರ್ಣ ಸೂಜಿಯನ್ನು ಬಲ್ಲ ಕೈ ಇರಲಿಲ್ಲ. 1835ರಲ್ಲಿ ಆಂಡ್ರ್ಯೂ ಯೂರ್ ತನ್ನ 'ದಿ ಫಿಲಾಸಫಿ ಆಫ್ ಮ್ಯಾನುಫ್ಯಾಕ್ಚರ್ಸ್' ಕೃತಿಯಲ್ಲಿ ಈ ಪದ ವಿರುದ್ಧಾರ್ಥ ಪಡೆದುದನ್ನು ತಾನೇ ಗುರುತಿಸಿ, ಕೈಗೆಲಸವನ್ನು ಸಂಪೂರ್ಣವಾಗಿ ಕೈಬಿಟ್ಟ ತಯಾರಿಕೆಯೇ ಪರಿಪೂರ್ಣವೆಂದು ಸಾರಿದನು. ಯಂತ್ರಕ್ಕಿಂತ ಮೊದಲೇ ಕೈಯ ಅರಿವು ಹಂಚಿಹೋಗಿತ್ತು ಎಂಬುದು ಇಲ್ಲಿ ಗಮನಾರ್ಹ.

ಕನ್ನಡದ 'ಕೈಗಾರಿಕೆ' ಇದೇ ಹಾದಿಯನ್ನು ತುಳಿದಿದೆ. ಹಾಡುಗಾರಿಕೆ, ಮಾತುಗಾರಿಕೆಗಳು ಹಾಡುವ, ಮಾತನಾಡುವ ಸಾಮರ್ಥ್ಯಗಳನ್ನು ಹೇಳುವಂತೆ, ಪದರಚನೆಯ ದೃಷ್ಟಿಯಿಂದ ಕೈಗಾರಿಕೆ ಎಂದರೆ ಕೈಯ ಸಾಮರ್ಥ್ಯ. 'ಇಂಡಸ್ಟ್ರಿ'ಗೆ ಸಂವಾದಿಯಾಗಿ ಅದು ಬಳಕೆಗೆ ಬಂದ ಮೇಲೆ 'ಬೃಹತ್ ಕೈಗಾರಿಕೆ' ಎನ್ನುವಾಗ ಕೈ ಯಾರ ನೆನಪಿಗೂ ಬಾರದು. ಕೈಯಿಂದಲೇ ನಡೆಯುವ ಕಸುಬಿಗೆ 'ಗುಡಿ' ಎಂಬ ವಿಶೇಷಣ ಬೇಕಾಯಿತು. ಮಗ್ಗದ ಕಥೆಯೂ ಇದೇ. ಯಂತ್ರಮಗ್ಗ ಬರುವವರೆಗೆ ನೇಕಾರನಿಗೆ 'ಮಗ್ಗ' ಎಂದರೆ ಸಾಕಿತ್ತು. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯ ಪ್ರಕಾರ ಕೈಮಗ್ಗವೆಂದರೆ ವಿದ್ಯುತ್ ಮಗ್ಗವಲ್ಲದ ಯಾವುದೇ ಮಗ್ಗ. ನೇಕಾರನ ರಕ್ಷಣೆಗೆಂದೇ ರೂಪುಗೊಂಡ ಕಾನೂನು ಕೂಡ ಕೈಯನ್ನು ಯಂತ್ರದ ಅಭಾವವೆಂದೇ ನಿರ್ವಚಿಸುತ್ತದೆ.

ಜಾನಪದ ಅಧ್ಯಯನವೂ ಈ ದೃಷ್ಟಿಯಿಂದ ಪೂರ್ತಿ ಹೊರತಾಗಿಲ್ಲ. 'ಕರಕುಶಲ ಕಲೆ' ಎಂಬ ವರ್ಗದಡಿ ಕಸುಬುಗಳನ್ನು ಅಳಿದುಳಿದ ಪಳೆಯುಳಿಕೆಗಳಂತೆ ಪಟ್ಟಿಮಾಡುವ ರೂಢಿಯಿದೆ. ಕುಂಬಾರಿಕೆಯನ್ನು ಕುರಿತ ಬರಹ ತಿಗರಿಯ ಅಳತೆ, ಮಡಕೆಗಳ ಹೆಸರು, ಆವಿಗೆಯ ವಿಧಾನಗಳನ್ನು ದಾಖಲಿಸಿ ತೃಪ್ತವಾಗುವುದುಂಟು. ಮಣ್ಣಿನ 'ಹದ'ವನ್ನು ಬೆರಳು ಹೇಗೆ ತಿಳಿಯುತ್ತದೆ, ಆ ತಿಳಿವಳಿಕೆ ಮುಂದಿನ ತಲೆಮಾರಿನ ಕೈಗೆ ಹೇಗೆ ದಾಟುತ್ತದೆ ಎಂಬುದು ದಾಖಲೆಯ ಹೊರಗೇ ಉಳಿಯುತ್ತದೆ. ಉಪಕರಣವನ್ನು ವಸ್ತುಸಂಗ್ರಹಾಲಯದಲ್ಲಿ ಉಳಿಸಬಹುದು. ಹದವನ್ನು ಕಸುಬಿನಲ್ಲಿ ಮಾತ್ರ ಉಳಿಸಲು ಸಾಧ್ಯ.

ಆಡುನುಡಿಗೆ ಈ ತಿಳಿವಳಿಕೆ ಹೊಸದಲ್ಲ. ಕೈಗುಣ, ಕೈರುಚಿ, ಕೈಚಳಕ, ಪಳಗಿದ ಕೈ ಎಂಬ ಪ್ರಯೋಗಗಳಲ್ಲಿ ಕೈ ಕೇವಲ ದುಡಿಯುವ ಅಂಗವಲ್ಲ, ಅರಿವಿನ ನೆಲೆ. ಒಂದೇ ಸಾಮಗ್ರಿಯಿಂದ ಇಬ್ಬರು ಮಾಡಿದ ಅಡುಗೆಯ ರುಚಿ ಬೇರೆಯಾದರೆ ಜನಪದರು ಅದನ್ನು ಕೈಗುಣವೆಂದೇ ವಿವರಿಸುತ್ತಾರೆ. ಯೂರ್‌ನ ಪರಿಪೂರ್ಣತೆಯ ಕಲ್ಪನೆಯಲ್ಲಿ ಈ ವ್ಯತ್ಯಾಸಕ್ಕೆ ಎಡೆಯಿಲ್ಲ. ಆದುದರಿಂದ ಕಸುಬುಗಳ ಅಧ್ಯಯನ ಆರಂಭವಾಗಬೇಕಾದುದು ಯಂತ್ರವಿಲ್ಲದಿರುವಿಕೆಯಿಂದಲ್ಲ. ಕೈ ಬಲ್ಲುದೇನು ಎಂಬ ಪ್ರಶ್ನೆಯಿಂದ.