ಜಟಾಯು ಬಿದ್ದದ್ದು ಎಲ್ಲಿ?

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ಬಸ್ಸಿನಲ್ಲಿ ನನ್ನ ಶಿಷ್ಯರಿಬ್ಬರು ಬಿರುಸಾಗಿ ವಾದಿಸುತ್ತಿದ್ದರು. ‘ಡಂಕೆಲ್‌ಝಾನನನ್ನು ಕೊಂದವರು ಯಾರು?’ ಎಂಬುದು ವಾದದ ವಿಷಯ. ಇದು ಯಾವ ಪುರಾಣದ ಹೆಸರೆಂದು ನನಗೆ ಹೊಳೆಯಲಿಲ್ಲ. ವಿಚಾರಿಸಿದ ಮೇಲೆ ತಿಳಿಯಿತು: ಅದೂ ಒಂದು ಪುರಾಣವೇ, 1989ರಲ್ಲಿ ಅಮೆರಿಕದಲ್ಲಿ ಅಚ್ಚಾಗಿ ಬಂದದ್ದು.

‘ಶ್ಯಾಡೋರನ್’ ಎಂಬುದು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಮಾತಿನಲ್ಲಿಯೇ ಕಥೆ ನಡೆಸುವ ಆಟ. ಅದರ ಕಾಲ 2050ರಿಂದೀಚೆಗಿನದು. ಸರ್ಕಾರವನ್ನು ಮೀರಿದ ಕಂಪೆನಿಗಳು, ಮೈಯೊಳಗೆ ಯಂತ್ರ ಕೂಡಿಸಿಕೊಂಡ ಕೂಲಿ ಸಾಹಸಿಗಳು, ಅವರ ನಡುವೆ ಮಂತ್ರವಾದಿಗಳು, ಡ್ರ್ಯಾಗನ್‌ಗಳು. ಡಂಕೆಲ್‌ಝಾನ್ ಅಂಥ ಒಂದು ಡ್ರ್ಯಾಗನ್. 2057ರಲ್ಲಿ ಅಧ್ಯಕ್ಷನಾಗಿ ಪದಗ್ರಹಣ ಮಾಡಿದ ರಾತ್ರಿಯೇ ಸ್ಫೋಟದಲ್ಲಿ ಮಡಿಯುತ್ತಾನೆ. ಅವನ ಉಯಿಲಿನಲ್ಲಿ ಯಾರು ಯಾರಿಗೋ ಏನೇನೋ ಬರೆದಿಟ್ಟಿದೆ. ಏಕೆಂಬುದು ಎಷ್ಟೋ ಕಡೆ ಅರ್ಥವಾಗುವುದಿಲ್ಲ. ಆಟದ ಗ್ರಂಥಗಳಲ್ಲಿ ಆ ಲೋಕದವರೇ ನಡುನಡುವೆ ಬಾಯಿ ಹಾಕಿ, ಒಬ್ಬರ ಮಾತನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ. ಇದು ಕರ್ತೃಗಳ ಜಾಣತನ. ಆದರೆ ಭಕ್ತರಿಗೆ ಇಷ್ಟು ಸಾಲದು, ‘ನಿಜವಾಗಿ ನಡೆದದ್ದೇನು?’ ಎಂದು ಪಟ್ಟು ಹಿಡಿಯುತ್ತಾರೆ. ಮುಂದೆ ಬಂದ ಕಾದಂಬರಿಗಳು ಅದು ಆತ್ಮಬಲಿಯೆಂದು ಬಿಡಿಸಿ ಹೇಳಿದವು. ಒಗಟು ಬಿಡಿಸಿದ್ದಾಯಿತು; ಬೆರಗು ಅಷ್ಟರಮಟ್ಟಿಗೆ ಕುಂದಿತೆಂದೇ ನನ್ನ ಎಣಿಕೆ.

ಈ ಹುಡುಗರಲ್ಲೊಬ್ಬನ ಊರು ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಸಮೀಪ. ರಾವಣನೊಡನೆ ಕಾದಿ ಜಟಾಯು ಬಿದ್ದದ್ದು ಆ ಬೆಟ್ಟದಲ್ಲಿ ಎನ್ನುತ್ತಾರೆ ಅಲ್ಲಿಯ ಜನ. ಆಂಧ್ರದ ಲೇಪಾಕ್ಷಿಯವರು ತಮ್ಮೂರಲ್ಲಿ ಎನ್ನುತ್ತಾರೆ, ಕೇರಳದ ಚಡಯಮಂಗಲದವರು ತಮ್ಮ ಬಂಡೆಯ ಮೇಲೆ ಎನ್ನುತ್ತಾರೆ. ಅದೇ ಜಟಿಂಗ ರಾಮೇಶ್ವರದಲ್ಲಿಯೂ, ನೆರೆಯ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿಯೂ ಅಶೋಕನ ಶಾಸನಗಳಿವೆ. 1892ರಲ್ಲಿ ರೈಸ್ ಸಾಹೇಬರು ಬೆಳಕಿಗೆ ತಂದವು. ಅರಸನ ಆಜ್ಞೆ ಮೂರು ಕಡೆಯೂ ಒಂದೇ ಆಗಿರಬೇಕಾದದ್ದು ನ್ಯಾಯ. ಕಥೆಗೆ ಈ ಕಟ್ಟಳೆಯಿಲ್ಲ.

‘ಜಟಾಯು ಬಿದ್ದದ್ದು ಎಲ್ಲಿ?’ ಎಂಬುದು ಒಂದು ಪ್ರಶ್ನೆ. ‘ಗೆಲ್ಲಲಾರೆನೆಂದು ಬಲ್ಲ ಮುದಿ ಹಕ್ಕಿ ಏಕೆ ಅಡ್ಡ ನಿಂತಿತು?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ದೊರೆತರೆ ಮಾತು ಮುಗಿಯಿತು. ಎರಡನೆಯದು ಕೇಳುವವನನ್ನು ಕಥೆಯೊಳಕ್ಕೆ ಕರೆದೊಯ್ಯುತ್ತದೆ. ಹಾಗೆಂದು ಮೊದಲನೆಯದನ್ನು ಹಳಿಯಲಾಗದು. ಪ್ರೀತಿಯಿಲ್ಲದವನು ಅಷ್ಟು ವಿವರ ಕೆದಕುವುದಿಲ್ಲ. ಕೆಟ್ಟದ್ದು ಅಲ್ಲಿಗೇ ನಿಂತುಬಿಡುವುದು.

ಇದನ್ನು ಆ ಹುಡುಗರಿಗೆ ಹೇಳಹೊರಟವನು ಬಾಯಿ ಮುಚ್ಚಿಕೊಂಡೆ. ಕವಿಯ ಕಾಲ, ದೇಶ, ಆಶ್ರಯದಾತ ಎಂದು ವರ್ಷವರ್ಷವೂ ಪ್ರಶ್ನೆಪತ್ರಿಕೆ ಬರೆದು ಅಂಕ ಹಂಚುವವರು ನಾವೇ ತಾನೆ? ಅವರಾದರೋ ಅಂಕದ ಆಸೆಯಿಲ್ಲದೆ ಕೇಳುತ್ತಿದ್ದರು.