ಕಾಡು ಒಂದು, ರಾತ್ರಿ ಐದು

ಬೋರ್ನಿಯೋಗೆ ಪ್ರಾಣಿ-ಪಕ್ಷಿ ನೋಡಲು ಹೊರಟವರ ಕೈಗೆ ಸಿಗುವ ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಸೆಪಿಲೋಕ್‌ನಲ್ಲಿ ಒಂದು ರಾತ್ರಿ, ಕಿನಬತಂಗನ್ ನದಿಯ ಮೇಲೆ ಎರಡು, ದಾನುಮ್ ಕಣಿವೆಯಲ್ಲಿ ಎರಡು, ಕಿನಬಾಲು ಬೆಟ್ಟದ ತಪ್ಪಲಲ್ಲಿ ಒಂದು, ಕಡಲಾಮೆಗಳ ದ್ವೀಪದಲ್ಲಿ ಇನ್ನೊಂದು. ಎಲ್ಲವೂ ಮಲೇಷ್ಯಾದ ಸಾಬಾ ರಾಜ್ಯದೊಳಗೇ ಇರುವುದರಿಂದ ನಕ್ಷೆಯಲ್ಲಿ ಪಕ್ಕಪಕ್ಕದಲ್ಲೇ ಇದ್ದಂತೆ ಕಾಣುತ್ತವೆ. ಆದರೆ ಮಳೆಕಾಡಿನಲ್ಲಿ ಲೆಕ್ಕಕ್ಕೆ ಬರುವುದು ಬೆಳಗಿನ ಮೂರು ತಾಸು, ಸಂಜೆಯ ಎರಡು ತಾಸು, ಆಮೇಲೆ ಕತ್ತಲು. ಊರು ಬದಲಿಸಿದಾಗಲೆಲ್ಲ ಇವುಗಳಲ್ಲೇ ಒಂದಲ್ಲ ಒಂದು ಪೆಟ್ಟಿಗೆ ಕಟ್ಟುವುದರಲ್ಲೋ ಜೀಪಿನಲ್ಲೋ ಕಳೆದುಹೋಗುತ್ತದೆ. ಈ ಪಟ್ಟಿಯ ಅರ್ಧವನ್ನು ಹೊಡೆದುಹಾಕಿ, ಉಳಿತಾಯವಾದ ರಾತ್ರಿಗಳನ್ನು ದಾನುಮ್ ಒಂದಕ್ಕೇ ಕೊಡಬೇಕೆಂಬುದು ನನ್ನ ವಾದ.

ಇದಕ್ಕೆ ಕಾರಣ ಆ ಕಾಡಿನ ಮರಗಳಲ್ಲೇ ಇದೆ. ದಾನುಮ್‌ನ 438 ಚದರ ಕಿಲೋಮೀಟರ್ ಸಂರಕ್ಷಿತ ಕಾಡನ್ನು ಆಳುತ್ತಿರುವುದು ಡಿಪ್ಟೆರೋಕಾರ್ಪ್ ಕುಟುಂಬ. ನಮ್ಮ ಘಟ್ಟದ ಧೂಪದ ಮರವೂ ಅದೇ ಕುಟುಂಬದ್ದು. 2019ರಲ್ಲಿ ಇಲ್ಲಿನ ಒಂದು ಹಳದಿ ಮೆರಾಂಟಿ ಮರ 100.8 ಮೀಟರ್ ಎತ್ತರವಿದೆ ಎಂದು ಅಳೆದು ದಾಖಲಿಸಲಾಯಿತು. ಇಷ್ಟು ದೊಡ್ಡ ಮರಗಳು ಪ್ರಾಣಿಗಳ ಪಾಲಿಗೆ ಮಾತ್ರ ಶುದ್ಧ ಜಿಪುಣರು. ವರ್ಷಗಟ್ಟಲೆ ಹೂವನ್ನೇ ಬಿಡದೆ ನಿಂತಿದ್ದು, ಎರಡರಿಂದ ಹತ್ತು ವರ್ಷಕ್ಕೊಮ್ಮೆ, ಹೆಚ್ಚಾಗಿ ಎಲ್ ನಿನ್ಯೋ ತರುವ ಬರಗಾಲದ ಜೊತೆಗೆ, ಇಡೀ ಕಾಡೇ ಮಾತಾಡಿಕೊಂಡಂತೆ ಒಟ್ಟಿಗೆ ಹೂವಾಗಿ ಕಾಯಾಗುತ್ತವೆ. ಮಿಕ್ಕ ಕಾಲದಲ್ಲಿ ಹಣ್ಣು ತಿನ್ನುವ ಜೀವಿಗಳಿಗೆ ಸಿಗುವುದು ಅಲ್ಲೊಂದು ಇಲ್ಲೊಂದು ಮರ. ಅದಕ್ಕೇ ಒರಾಂಗುಟಾನ್ ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿ ಬಹುದೂರ ಸುತ್ತಿ ಹೊಟ್ಟೆ ಹೊರೆಯುತ್ತದೆ. ಹೆಣ್ಣು ಮರಿ ಹಾಕುವುದೂ ಏಳೆಂಟು ವರ್ಷಕ್ಕೊಮ್ಮೆ. ಪ್ರಾಣಿಗಳು ವಿರಳವಾಗಿರುವುದೇ ಇಲ್ಲಿಯ ಸಹಜ ಸ್ಥಿತಿ. ಇಂಥ ಕಾಡಿಗೆ ಎರಡು ರಾತ್ರಿಯ ಭೇಟಿ ಕೊಟ್ಟು ‘ಏನೂ ಕಾಣಲಿಲ್ಲ’ ಎಂದು ಬೈದುಕೊಳ್ಳುವುದು ಕಾಡಿಗೆ ಮಾಡುವ ಅನ್ಯಾಯ.

ಈ ಬಡತನದ ನಡುವೆ ಅನ್ನ ಹಾಕುವವು ಅತ್ತಿ-ಆಲದ ಜಾತಿಯ ಮರಗಳು. ಅವು ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲ; ವರ್ಷದ ಯಾವ ತಿಂಗಳಲ್ಲಿ ಹೋದರೂ ಎಲ್ಲೋ ಒಂದು ಮರ ಹಣ್ಣು ಹೊತ್ತು ನಿಂತಿರುತ್ತದೆ. ಅಂಥ ಮರ ಯಾವುದೆಂದು ಗೊತ್ತಾದ ಮೇಲೆ ಅಲ್ಲಿಗೆ ಮತ್ತೆ ಮತ್ತೆ ಹೋಗಿ ಕೂರುವಷ್ಟು ದಿನ ಕೈಯಲ್ಲಿರಬೇಕು. ಬೆಳಿಗ್ಗೆ ಮಂಗಟ್ಟೆಗಳು, ಮಧ್ಯಾಹ್ನ ಗಿಬ್ಬನ್, ರಾತ್ರಿ ಪುನುಗು ಬೆಕ್ಕು, ಎಲ್ಲಕ್ಕೂ ಅದೊಂದೇ ಛತ್ರ. ಒರಾಂಗುಟಾನ್ ವಿಷಯದಲ್ಲಿ ಲೆಕ್ಕ ಇನ್ನೂ ಸರಳ. ಅದು ಸಂಜೆ ಕೊಂಬೆ ಬಗ್ಗಿಸಿ ಹೊಸ ಗೂಡು ಹೆಣೆದು ಮಲಗುತ್ತದೆ, ಬೆಳಗಾಗುವವರೆಗೆ ಅಲ್ಲೇ ಇರುತ್ತದೆ. ಗೂಡು ಕಟ್ಟಿದ್ದನ್ನು ನೋಡಿಟ್ಟುಕೊಂಡವನಿಗೆ ಮರುದಿನ ನಸುಕಿನಲ್ಲಿ ಅದರ ದರ್ಶನ ಬಹುಮಟ್ಟಿಗೆ ಖಚಿತ, ಮರುದಿನ ನಸುಕಿನಲ್ಲಿ ಅವನು ವಿಮಾನ ನಿಲ್ದಾಣದ ದಾರಿಯಲ್ಲಿ ಇರದಿದ್ದರೆ. ಕೊಲುಗೊ, ಟಾರ್ಸಿಯರ್, ಹಾರುವ ಅಳಿಲುಗಳನ್ನು ಹುಡುಕುವ ರಾತ್ರಿ ಸುತ್ತಾಟಕ್ಕೂ ಇದೇ ಮಾತು. ಜೋರು ಮಳೆ ಬಂತೆಂದರೆ ಸುತ್ತಾಟ ರದ್ದು. ಎರಡೇ ರಾತ್ರಿ ಇದ್ದವನು ಒಂದು ಮಳೆಗೆ ಅರ್ಧ ಅವಕಾಶ ಕಳೆದುಕೊಂಡರೆ, ಐದು ರಾತ್ರಿ ಇದ್ದವನು ಐದರಲ್ಲೊಂದು ಪಾಲನ್ನಷ್ಟೇ ಕಳೆದುಕೊಳ್ಳುತ್ತಾನೆ.

‘ಹಾಗಾದರೆ ಕಿನಬತಂಗನ್‌ಗೇ ಹೋಗಬಹುದಲ್ಲ? ದೋಣಿಯಲ್ಲಿ ಕೂತಲ್ಲೇ ಎಲ್ಲ ಕಾಣುತ್ತದೆ’ ಎಂದು ಕೇಳುವವರಿದ್ದಾರೆ. ಗಟ್ಟಿಯಾದ ಪ್ರಶ್ನೆಯೇ. ಬೋರ್ನಿಯೋದ ಎಂಟೂ ಜಾತಿಯ ಮಂಗಟ್ಟೆಗಳು ಆ ನದಿಯಂಚಿನಲ್ಲಿವೆ. ಉದ್ದ ಮೂಗಿನ ಪ್ರೊಬೊಸಿಸ್ ಮಂಗಗಳು ಸಂಜೆ ಮಲಗಲು ದಡದ ಮರಗಳಿಗೇ ಬರುತ್ತವೆ, ಗಿಡ್ಡ ಆನೆಗಳೂ ಅದೃಷ್ಟವಿದ್ದರೆ ಎದುರಾಗುತ್ತವೆ. ಆದರೆ ಅಲ್ಲಿ ಅಷ್ಟು ಪ್ರಾಣಿಗಳು ದಟ್ಟವಾಗಿ ಕಾಣುವುದೇಕೆ? ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಆನೆಗಳನ್ನು ಸೇರಿಸುವುದು ಹುಲ್ಲು ಮತ್ತು ನೀರು. ಕಿನಬತಂಗನ್‌ನಲ್ಲಿ ಪ್ರಾಣಿಗಳನ್ನು ದಡಕ್ಕೆ ಒತ್ತಿರುವುದರಲ್ಲಿ ಬೆನ್ನ ಹಿಂದಿನ ಎಣ್ಣೆತಾಳೆ ತೋಟಗಳ ಪಾಲು ದೊಡ್ಡದು. 2005ರಲ್ಲಿ ಅಭಯಾರಣ್ಯವೆಂದು ಘೋಷಿಸಿದ್ದು ಅಖಂಡ ಕಾಡನ್ನಲ್ಲ, ನದಿಯುದ್ದಕ್ಕೆ ತುಂಡು ತುಂಡಾಗಿ ಉಳಿದಿದ್ದ ಪಟ್ಟಿಗಳನ್ನು. ಪ್ರೊಬೊಸಿಸ್ ಮಂಗಕ್ಕಾಗಿ ಅಲ್ಲಿ ಎರಡು ರಾತ್ರಿ ಖಂಡಿತ ಇರಿ, ಅದನ್ನು ಬಿಟ್ಟುಬರುವುದು ಮೂರ್ಖತನ. ಅದನ್ನೇ ಮಳೆಕಾಡಿನ ಸಮೃದ್ಧಿ ಎಂದು ಮಾತ್ರ ತಿಳಿಯಬೇಡಿ. ಸೆಪಿಲೋಕ್‌ನ ಹಣ್ಣಿನ ಕಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: 1964ರಿಂದ ಅನಾಥ ಒರಾಂಗುಟಾನ್‌ಗಳನ್ನು ಸಾಕಿ ಕಾಡಿಗೆ ಬಿಡುತ್ತಿರುವ ಒಳ್ಳೆಯ ಸಂಸ್ಥೆ, ಅರ್ಧ ದಿನ ಸಾಕು.

ಖರ್ಚಿನ ಆಕ್ಷೇಪ ಇದಕ್ಕಿಂತ ಭಾರವಾದದ್ದು. ದಾನುಮ್‌ನ ಲಾಡ್ಜ್ ನಿಜಕ್ಕೂ ದುಬಾರಿ. ಅಲ್ಲಿ ಐದು ರಾತ್ರಿ ಎಂದರೆ ಮಧ್ಯಮವರ್ಗದ ಮನೆಯಲ್ಲಿ ಒಂದು ಚರ್ಚೆ ಆಗಲೇಬೇಕು. ಆದರೆ ಅದೇ ಕಾಡಿನಲ್ಲಿ 1986ರಿಂದ ಒಂದು ಸಂಶೋಧನಾ ಕೇಂದ್ರವಿದೆ. ಮುಂಚಿತವಾಗಿ ಬರೆದು ಕಾಯ್ದಿರಿಸಿದರೆ ಪ್ರವಾಸಿಗಳಿಗೂ ಅಲ್ಲಿ ಜಾಗ ಸಿಗುತ್ತದೆ. ವಸತಿ ಸಾದಾ, ಆದರೆ ಮರಗಳು ಅವೇ, ಇಂಬಳಗಳೂ ಅವೇ. ಕಡಲಾಮೆಯ ದ್ವೀಪ, ಕಿನಬಾಲು, ಅವುಗಳ ನಡುವಿನ ವಾಹನ ಬಾಡಿಗೆ ಬಿಟ್ಟರೆ ಉಳಿಯುವ ಹಣವೂ ಸಣ್ಣದಲ್ಲ. ಕಿನಬಾಲು ಬಿಡಿ ಎಂದಾಗ ಪಕ್ಷಿಪ್ರಿಯರು ಸಿಟ್ಟಾಗುತ್ತಾರೆ, ವೈಟ್‌ಹೆಡ್ ಟ್ರೋಗನ್ ಇರುವುದು ಬೋರ್ನಿಯೋದ ಬೆಟ್ಟಗಳಲ್ಲಷ್ಟೇ. ಹಕ್ಕಿಯ ಪಟ್ಟಿಯೇ ಪ್ರಧಾನವಾದವರು ಬೆಟ್ಟಕ್ಕೇ ಬೇರೆ ವಾರ ಇಡುವುದು ಲೇಸು. ಒಂದು ರಾತ್ರಿಯಲ್ಲಿ ಆ ಬೆಟ್ಟವೂ ಒಲಿಯುವುದಿಲ್ಲ.

ಇನ್ನು ಕಾಲದ ಮಾತು. ಪೂರ್ವ ಸಾಬಾದಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತದ ಮಳೆ ಜೋರು, ಏಪ್ರಿಲ್‌ನಿಂದ ಸೆಪ್ಟೆಂಬರ್ ಸುಮಾರಾಗಿ ಅನುಕೂಲ. ಹೊರಡುವ ಮುನ್ನ ವಸತಿಯವರಿಗೆ ಬರೆಯುವ ಪತ್ರದಲ್ಲಿ ‘ಒರಾಂಗುಟಾನ್ ಕಾಣುತ್ತದೆಯೇ’ ಎಂದು ಕೇಳಿ ಪ್ರಯೋಜನವಿಲ್ಲ, ‘ಕಾಣಬಹುದು’ ಎಂಬ ಉತ್ತರವಷ್ಟೇ ಬರುತ್ತದೆ. ಈಗ ಯಾವ ಮರ ಹಣ್ಣಾಗಿದೆ, ವಸತಿಯಿಂದ ಎಷ್ಟು ದೂರ, ಐದೂ ದಿನಕ್ಕೆ ಒಬ್ಬನೇ ಗೈಡ್ ಸಿಗುತ್ತಾನೆಯೇ ಎಂದು ಕೇಳಿ.