ಮಾಂಟೆರೆ ಷೇಲ್: ಒಂದು ಗುಣಾಕಾರದ ಕಥೆ

ಕ್ಯಾಲಿಫೋರ್ನಿಯದ ಮಾಂಟೆರೆ ಷೇಲ್‌ನಿಂದ 1,540 ಕೋಟಿ ಬ್ಯಾರೆಲ್ ತೈಲ ತೆಗೆಯಬಹುದೆಂದು ಅಮೆರಿಕದ ಇಂಧನ ಮಾಹಿತಿ ಆಡಳಿತದ 2011ರ ವರದಿ ಅಂದಾಜಿಸಿತ್ತು. 2014ರಲ್ಲಿ ಅದೇ ಸಂಸ್ಥೆ ಅಂಕಿಯನ್ನು 60 ಕೋಟಿಗೆ ಇಳಿಸಿತು. ಈಗಿನ ತಂತ್ರಜ್ಞಾನ ಸಾಲದೆಂಬುದು ಅದರ ಸಮಜಾಯಿಷಿ. ಆದರೆ ದೋಷವಿದ್ದದ್ದು ಲೆಕ್ಕದ ವಿಧಾನದಲ್ಲೇ: 1,752 ಚದರ ಮೈಲಿ, ಮೈಲಿಗೆ 16 ಬಾವಿ, ಬಾವಿಗೆ 5.5 ಲಕ್ಷ ಬ್ಯಾರೆಲ್, ಗುಣಿಸಿದರೆ ಮುಗಿಯಿತು! ಶಿಲೆ ಎಲ್ಲೆಡೆ ಒಂದೇ ತೆರನೆಂದು ನಂಬಿದರೆ ಮಾತ್ರ ಇದು ಸರಿ.

ಉತ್ತರ ಡಕೋಟದ ಬಾಕೆನ್ ಸುಮಾರು 36 ಕೋಟಿ ವರ್ಷ ಹಳೆಯದು. ಹೆಚ್ಚು ಮಡಿಕೆಬೀಳದೆ ಹಾಸಿಕೊಂಡಿದೆ. ಮೇಲೆ, ಕೆಳಗೆ ಸಾವಯವಭರಿತ ಷೇಲ್. ತೈಲ ಮುಖ್ಯವಾಗಿ ದೊರೆಯುವುದು ನಡುವಿನ ಡಾಲೊಮೈಟ್ ಬೆರೆತ ಪದರದಿಂದ. ಮಾಂಟೆರೆಯಾದರೋ ಮಯೊಸೀನ್ ಕಾಲದ್ದು. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಸಿಲಿಕ ಚಿಪ್ಪುಗಳು ಕಡಲತಳದಲ್ಲಿ ಸಂಚಯಿಸಿ ಆದದ್ದು. ಹೂತಂತೆ, ಬಿಸಿಯೇರಿದಂತೆ, ಈ ಸಿಲಿಕ ಮೊದಲು ಓಪಲ್‌ನ ಇನ್ನೊಂದು ರೂಪವಾಗಿ, ಕೊನೆಗೆ ಕ್ವಾರ್ಟ್ಜ್ ಆಗಿ ಮಾರ್ಪಡುತ್ತದೆ. ರಂಧ್ರಗಳು ಕುಗ್ಗುತ್ತವೆ, ಶಿಲೆ ಪೆಡಸಾಗಿ ಬಿರುಕು ಬಿಡುತ್ತದೆ. ಮೇಲಾಗಿ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ನೆರೆಯಲ್ಲಿ ಮಡಿಕೆ, ಮುರಿತಗಳು ಬೇರೆ. ತೈಲದ ದೊಡ್ಡ ಪಾಲು ಆಗಲೇ ಮೇಲಿನ ಮರಳುಗಲ್ಲಿಗೆ ಸೋರಿಹೋಗಿದೆ. ಕ್ಯಾಲಿಫೋರ್ನಿಯದ ಹಳೆಯ ತೈಲಕ್ಷೇತ್ರಗಳು ತುಂಬಿದ್ದು ಹೀಗೆಯೇ. ಇವೆಲ್ಲ 2011ಕ್ಕೆ ಬಹಳ ಮುಂಚೆಯೇ ಭೂವಿಜ್ಞಾನಿಗಳಿಗೆ ಗೊತ್ತಿದ್ದ ಸಂಗತಿಗಳು.